ಎರಡು ಬೆರಳಿನ ಆಸರೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಎರಡು ಮೊಟ್ಟೆ, ಒಂದು ಬಾಳೆಹಣ್ಣು. ಮಧ್ಯಾಹ್ನ ಅನ್ನ, ಬೇಳೆ, ಮೊಸರು. ಸಂಜೆ ಎರಡು ಬಿಸ್ಕತ್ತು. ಎರಡಲ್ಲ, ಐದು. ಜಿಮ್ಮಿಗೆ ಬರುವವರಿಗೆಲ್ಲ ತಿಂದದ್ದನ್ನು ಬರೆದಿಡಿ, ಸುಳ್ಳು ಬರೆಯಬೇಡಿ ಎಂದು ಪೀಡಿಸುತ್ತೇನಲ್ಲ, ನಾನೂ ಒಂದಷ್ಟು ದಿನ ಬರೆದು ನೋಡೋಣ ಎಂದು ಕೂತೆ. ಮೊದಲ ದಿನವೇ ಬಿಸ್ಕತ್ತಿನಲ್ಲಿ ಸಿಕ್ಕಿಬಿದ್ದೆ.

ಇವತ್ತು ಹೊಸಬಳೊಬ್ಬಳು ಬಂದಳು. ಅಗ್ನಿಶಾಮಕ ದಳದವಳು. ಹೋದ ವರ್ಷ ಏಣಿಯಿಂದ ಬಿದ್ದು ಭುಜದ ಮುಂದಿನ ಎಲುಬು ಮುರಿದುಕೊಂಡಿದ್ದಾಳೆ. ಎಲುಬು ಕೂಡಿದೆ, ಭಾರ ಎತ್ತಬಹುದು ಎಂದು ಡಾಕ್ಟರು ಹೇಳಿದ್ದಾರೆ. ಮೇ ತಿಂಗಳಲ್ಲಿ ಅವಳ ಇಲಾಖೆಯ ಪರೀಕ್ಷೆ. ಇಬ್ಬರು ಸೇರಿ ನೆಲದ ಮೇಲಿನ ಏಣಿಯನ್ನು ಎತ್ತಿ, ತಲೆಗಿಂತ ಮೇಲೆ, ವ್ಯಾನಿನ ಕೊಕ್ಕೆಗೆ ಸಿಕ್ಕಿಸಬೇಕು. ಅವಳ ತುದಿಗೆ ಸುಮಾರು ಮೂವತ್ತು ಕಿಲೋ ಬೀಳುತ್ತದೆ. ಎತ್ತಿದರೆ ಮತ್ತೆ ಬೆಂಕಿ ಆರಿಸುವ ಕೆಲಸ. ಎತ್ತದಿದ್ದರೆ ಈಗ ಕೂತಿರುವ, ತುರ್ತು ಕರೆ ತೆಗೆದುಕೊಳ್ಳುವ ಫೋನಿನ ಕೋಣೆಯೇ ಗತಿ. ಇನ್ನೊಂದು ಅವಕಾಶಕ್ಕೆ ಒಂದು ವರ್ಷ ಕಾಯಬೇಕು.

ನಾನು ಜಿಮ್ಮಿನವರನ್ನು ಹೆಸರಿನಿಂದ ನೆನಪಿಟ್ಟುಕೊಳ್ಳುವುದಿಲ್ಲ, ಅವರ ತೊಂದರೆಯಿಂದ ನೆನಪಿಟ್ಟುಕೊಳ್ಳುತ್ತೇನೆ. ಎಡಮಂಡಿ, ಸೊಂಟ, ಸಕ್ಕರೆ ಕಾಯಿಲೆ, ಮದುವೆಗೆ ಮುಂಚೆ ಹೊಟ್ಟೆ ಇಳಿಯಬೇಕು. ಇವಳಿಗೆ ಏಣಿ ಎಂದು ಹೆಸರಿಟ್ಟೆ.

ಮಾರ್ಚ್ 12, ಬುಧವಾರ

ಏಣಿಗೆ ಬೈದೆ. ಬೆಳಿಗ್ಗೆ ಚಹಾ, ಮಧ್ಯಾಹ್ನ ಸಿಕ್ಕಿದ್ದು, ರಾತ್ರಿ ಮಿಕ್ಕಿದ್ದು. ಇಷ್ಟು ತಿಂದು ಮೂವತ್ತು ಕಿಲೋ ಎತ್ತುತ್ತಾಳಂತೆ. ಒಲೆಗೆ ಸೌದೆ ಹಾಕದೆ ಅನ್ನ ಬೇಯಲಿಲ್ಲ ಎಂದು ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮೊಟ್ಟೆ, ಹಾಲು, ಬೇಳೆ, ಹಿಡಿ ಕಡಲೆಕಾಯಿ, ದಿನಾ, ಹೊತ್ತು ಹೊತ್ತಿಗೆ. ಜಿಮ್ಮಿನ ಯಜಮಾನ ಆಗಲೇ ಅವಳ ಮುಂದೆ ಪ್ರೋಟೀನ್ ಪುಡಿಯ ಡಬ್ಬಿ ಹಿಡಿದು ನಿಂತಿದ್ದ. ಅಡುಗೆಮನೆಯಲ್ಲಿರುವುದನ್ನು ಮೊದಲು ತಿನ್ನಲಿ, ಡಬ್ಬಿ ಆಮೇಲೆ ನೋಡೋಣ ಎಂದೆ. ಯಜಮಾನ ಮುಖ ಊದಿಸಿಕೊಂಡ.

ನೋವಿನ ಪಾಠವನ್ನೂ ಹೇಳಿದೆ. ನೋವು ಬೇರೆ, ಗಾಯ ಬೇರೆ. ಮೈ ಹಿಡಿದುಕೊಂಡು ಎರಡು ದಿನಕ್ಕೆ ಬಿಟ್ಟರೆ ಅದು ನೋವು. ಕೀಲಿನ ಒಳಗೆ ಚುಚ್ಚಿದರೆ, ನಿದ್ದೆಯಿಂದ ಎಬ್ಬಿಸಿದರೆ, ಅದು ಗಾಯ. ಅವತ್ತೇ ನಿಲ್ಲಿಸಬೇಕು, ತೋರಿಸಬೇಕು. ಮೂರು ದಿನ ತಡೆದು ಬಂದವರು ಮೂರು ತಿಂಗಳು ಮನೆಯಲ್ಲಿ ಕೂರುತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಏಣಿ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದಳು.

ಮಾರ್ಚ್ 27, ಗುರುವಾರ

ಡಂಬೆಲ್ ಮುಗಿಸಿ ಇವತ್ತು ರಾಡಿಗೆ ಬಂದೆವು. ಬೆಂಚಿನ ಮೇಲೆ ಕೂತು, ಭುಜದ ಮಟ್ಟದಿಂದ ತಲೆಯ ಮೇಲಕ್ಕೆ ರಾಡನ್ನು ತಳ್ಳುವುದು. ಖಾಲಿ ರಾಡೇ ಇಪ್ಪತ್ತು ಕಿಲೋ. ಮೂರು ಸಲ ಹೋಯಿತು. ನಾಲ್ಕನೆಯದು ಹಣೆಯ ಹತ್ತಿರ ನಿಂತುಬಿಟ್ಟಿತು. ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಅದು ದಣಿದವರ ಮುಖವಲ್ಲ, ಬೀಳುತ್ತಿರುವವರ ಮುಖ. ಏಣಿಯಿಂದ ಬಿದ್ದಾಗಲೂ ಹೀಗೇ ಇತ್ತೇನೋ.

ಎರಡು ಬೆರಳು ಕೊಟ್ಟೆ. ಇದು ನಮ್ಮ ಕಸುಬಿನ ಹಳೆಯ ರೂಢಿ. ಎತ್ತುವವರ ಬೆನ್ನ ಹಿಂದೆ ನಿಂತಿರುತ್ತೇವೆ, ರಾಡು ಸಿಕ್ಕಿಕೊಂಡರೆ ಕೆಳಗಿನಿಂದ ಎರಡು ಬೆರಳು ತಾಗಿಸುತ್ತೇವೆ, ಬಾಯಲ್ಲಿ ಮಾತ್ರ ಒಂದೇ ಮಂತ್ರ: "ನಾನು ಮುಟ್ಟಿಲ್ಲ, ಎಲ್ಲಾ ನಿಂದೇ." ಕೇಳಿದವರಿಗೆ ಎಲ್ಲಿಲ್ಲದ ಹುಮ್ಮಸ್ಸು ಬರುತ್ತದೆ. ಪ್ರಪಂಚದಲ್ಲಿ ಇದಕ್ಕಿಂತ ಬಡಪಾಯಿ ಸುಳ್ಳು ಇನ್ನೊಂದಿಲ್ಲ.

ರಾಡು ಮೇಲೆ ಹೋಯಿತು. ಅವಳು ಕೆಳಗಿಟ್ಟು ನನ್ನ ಕಡೆ ತಿರುಗಿ, ನಿಜವಾಗಲೂ ನಾನೇನಾ ಎಂದು ಕೇಳಿದಳು. ಮತ್ತಿನ್ಯಾರು ಎಂದೆ. ಆಗ ನಕ್ಕಳು ನೋಡಿ. ಸಂಜೆಯವರೆಗೂ ನನ್ನ ಮನಸ್ಸು ಹಗುರವಾಗಿತ್ತು.

ಏಪ್ರಿಲ್ 5, ಶನಿವಾರ

ಏಣಿ ಇಪ್ಪತ್ತೈದು ಕಿಲೋ ಎತ್ತಿದಳು. ಐದಕ್ಕೆ ಐದೂ ಹೋದವು. ಇಷ್ಟು ಬೇಗ ಏರುವವರನ್ನು ನಾನು ಕಂಡಿಲ್ಲ. ಮೊಟ್ಟೆಯ ಮಹಿಮೆ ಎಂದೆ.

ನನ್ನ ಬಲಭುಜ ಸ್ವಲ್ಪ ಹಿಡಿದುಕೊಂಡಿದೆ. ದಿಂಬು ಹಳೆಯದಾಯಿತು, ಬದಲಿಸಬೇಕು.

ಏಪ್ರಿಲ್ 11, ಶುಕ್ರವಾರ

ಹೊಸ ದಿಂಬು. ಭುಜ ಹಾಗೇ ಇದೆ. ಸ್ಕೂಟರಿನ ಹ್ಯಾಂಡಲ್ ಬಿಗಿಯಾಗಿದೆ ಅನ್ನಿಸುತ್ತದೆ.

ನನ್ನ ಗಂಡ ಬಟ್ಟೆ ಸರಿಮಾಡುವ ಅಂಗಡಿ ಇಟ್ಟಿದ್ದಾನೆ. ಉದ್ದ ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು. ನನ್ನ ಹೊಸ ಅಂಗಿಗೆ ಅಳತೆ ತೆಗೆಯುವಾಗ ಟೇಪನ್ನು ಎರಡು ಸಲ ಹಿಡಿದ. ಬಲಗಡೆ ಅರ್ಧ ಇಂಚು ಕೆಳಗೆ ಬಿದ್ದಿದೆಯಂತೆ. ಸ್ಕೂಟರು ಎಂದೆ. ಮೊನ್ನೆ ದಿಂಬು ಅಂದಿದ್ದೆಯಲ್ಲ ಎಂದ. ಒಳಗಿನಿಂದ ಅತ್ತೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಂದು ಕಲ್ಲು ಎಸೆದರು. ಈ ಮನೆಯಲ್ಲಿ ಭುಜಕ್ಕೂ ಮರ್ಯಾದೆಯಿಲ್ಲ.

ಏಪ್ರಿಲ್ 17, ಗುರುವಾರ

ಯಜಮಾನ ಎಲ್ಲ ಟ್ರೈನರುಗಳನ್ನೂ ನಿಲ್ಲಿಸಿಕೊಂಡು ಭಾಷಣ ಮಾಡಿದ. ಹಲ್ಲು ಹುಳುಕಾದವನ ಹತ್ತಿರ ಯಾರೂ ಹಲ್ಲು ತೋರಿಸಲು ಹೋಗುವುದಿಲ್ಲವಂತೆ, ಕುಂಟುವವನ ಹತ್ತಿರ ಯಾರೂ ಕಸರತ್ತು ಕಲಿಯುವುದಿಲ್ಲವಂತೆ. ಹೋದ ವರ್ಷ ಮಂಡಿ ನೋವೆಂದ ಟ್ರೈನರನ್ನು ಮನೆಗೆ ಕಳಿಸಿದ್ದು ಇದೇ ಮಾತು ಹೇಳಿ. ಯಾರಿಗಾದರೂ ಏನಾದರೂ ಇದ್ದರೆ ಈಗಲೇ ಹೇಳಿ ಎಂದು ಒಬ್ಬೊಬ್ಬರನ್ನೇ ನೋಡಿದ. ನನ್ನ ಎಡಗೈ ತಾನಾಗಿ ಬಲಭುಜದ ಮೇಲೆ ಕೂತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ನನ್ನನ್ನು ನೋಡಿಯೇ ಹುಟ್ಟಿದ ಗಾದೆ. ಕೈಯನ್ನು ಕತ್ತಿನ ಕಡೆಗೆ ಜಾರಿಸಿ ತುರಿಸಿಕೊಂಡೆ.

ಇನ್ನು ಕೆಲವು ದಿನ ನನ್ನ ಸ್ವಂತ ವ್ಯಾಯಾಮ ಬಂದ್. ಏನನ್ನೂ ಎತ್ತುವುದಿಲ್ಲ. ವಿಶ್ರಾಂತಿಗಿಂತ ದೊಡ್ಡ ಔಷಧವಿಲ್ಲ.

ಏಣಿ ಇಪ್ಪತ್ತೆಂಟು.

ಏಪ್ರಿಲ್ 24, ಗುರುವಾರ

ಏಣಿ ಬಂದಾಗ ಕಣ್ಣು ಕೆಂಪಾಗಿತ್ತು. ಫೋನಿನ ಕೋಣೆಯಲ್ಲಿ ಬೆಳಿಗ್ಗೆ ಒಂದು ಕರೆ ಬಂದಿದೆ. ಐದನೆಯ ಮಹಡಿಯಲ್ಲಿ ಹೊಗೆ ತುಂಬಿ ಒಬ್ಬ ಹೆಂಗಸು ಬಚ್ಚಲಿನಲ್ಲಿ ಕೂತು ಮಾತಾಡುತ್ತಿದ್ದಳಂತೆ. ವ್ಯಾನು ತಲುಪುವವರೆಗೂ ಏಣಿ ಅವಳನ್ನು ಮಾತಾಡಿಸುತ್ತ ಇದ್ದಳು. ಒದ್ದೆ ಬಟ್ಟೆ ಬಾಗಿಲಿನ ಸಂದಿಗೆ ತುರುಕಿ, ಕೆಳಗೆ ಮಲಗಿ, ಹೆದರಬೇಡಿ. ಆ ಹೆಂಗಸು ಉಳಿದುಕೊಂಡಳು.

"ಫೋನಲ್ಲಿ ಎಲ್ಲಾ ಕಿವಿಗೆ ಕೇಳ್ಸತ್ತೆ ಅಕ್ಕ, ಕೈಗೆ ಸಿಗಲ್ಲ," ಎಂದಳು. "ಇನ್ನೊಂದು ವರ್ಷ ನಂಗೆ ಅಲ್ಲಿ ಕೂರಕ್ಕಾಗಲ್ಲ."

ಕೂರಿಸುವುದಿಲ್ಲ ಎಂದೆ. ಮಾತು ಕೊಟ್ಟುಬಿಟ್ಟೆ. ಇವತ್ತು ಮೂವತ್ತು ಹಾಕಿದೆವು. ರಾಡು ಎಲ್ಲ ಸಲವೂ ಹಣೆಯ ಹತ್ತಿರ ನಿಂತಿತು, ಎಲ್ಲ ಸಲವೂ ಮೇಲೆ ಹೋಯಿತು.

ವಾರದಿಂದ ಏನೂ ಎತ್ತಿಲ್ಲ, ಆದರೂ ಭುಜ ನಿದ್ದೆಯಿಂದ ಎಬ್ಬಿಸುತ್ತಿದೆ. ಗಾಯವೇನಲ್ಲ. ಫ್ಯಾನಿನ ಗಾಳಿ ನೇರ ಅಲ್ಲಿಗೇ ಬೀಳುತ್ತದೆ.

ಏಪ್ರಿಲ್ 29, ಮಂಗಳವಾರ

ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗಲಿಲ್ಲ. ಅತ್ತೆ ನಾನು ಹಾಕಲಾ ಎಂದರು. ಬೇಡ ಎಂದೆ. ಮಧ್ಯಾಹ್ನ ಹೋಗಿ ಕೂದಲು ಕತ್ತರಿಸಿಕೊಂಡು ಬಂದೆ. ಹೇಗೂ ಸೆಖೆ.

ಮೇ 3, ಶನಿವಾರ

ಫಿಜಿಯೋಥೆರಪಿಸ್ಟ್ ಹತ್ತಿರ ಹೋಗಿದ್ದೆ. ನಮ್ಮ ಜಿಮ್ಮಿನವರು ಯಾರೂ ಕಾಲಿಡದ ಬಡಾವಣೆ, ಎರಡು ಬಸ್ಸು ಬದಲಿಸಬೇಕು. ಗೋಡೆಯ ಮೇಲೆ ಎಲುಬುಗೂಡಿನ ಚಿತ್ರ, ಕಿಟಕಿಯಲ್ಲಿ ಒಣಗಿದ ಗಿಡ. ಆತ ಹೆಚ್ಚು ಮಾತಿನವರಲ್ಲ. ಕೈಯನ್ನು ಅತ್ತ ಇತ್ತ ತಿರುಗಿಸಿ, ನಾನು ಹಲ್ಲು ಕಚ್ಚಿದ್ದನ್ನೆಲ್ಲ ಗಮನಿಸಿ, ದಿನಾ ಏನು ಎತ್ತುತ್ತೀರಿ ಎಂದು ಕೇಳಿದರು. ಏನೂ ಇಲ್ಲ, ಎರಡು ವಾರದಿಂದ ಒಂದು ಡಂಬೆಲ್ಲನ್ನೂ ಮುಟ್ಟಿಲ್ಲ ಎಂದೆ.

"ನೀವು ರಜದಲ್ಲಿದೀರಿ. ಈ ಭುಜ ಇಲ್ಲ," ಎಂದರು.

ಬೆಳಿಗ್ಗೆಯಿಂದ ಸಂಜೆಯವರೆಗೆ ಜಿಮ್ಮಿನಲ್ಲಿ ಹೇಗೆ ನಿಲ್ಲುತ್ತೀರಿ, ಹೇಗೆ ಓಡಾಡುತ್ತೀರಿ, ಮಾಡಿ ತೋರಿಸಿ ಎಂದರು. ನಾಟಕದವಳ ಹಾಗೆ ಆ ಸಣ್ಣ ಕೋಣೆಯಲ್ಲಿ ಓಡಾಡಿದೆ. ಕುರ್ಚಿಯ ಹಿಂದೆ ನಿಂತು ಏಣಿಯ ರಾಡಿಗೆ ಬೆರಳು ಕೊಡುವುದನ್ನು ತೋರಿಸಿದಾಗ, ಅಲ್ಲೇ ನಿಲ್ಲಿ ಎಂದರು. ಎಷ್ಟು ಬಲ ಹಾಕುತ್ತೀರಿ? ಎರಡೇ ಬೆರಳು, ಬರೀ ತಾಗಿಸುವುದು ಎಂದೆ.

ಅವರು ಒಳಗಿನಿಂದ ಮುಳ್ಳಿರುವ ಒಂದು ಸ್ಪ್ರಿಂಗ್ ತಕ್ಕಡಿ ತಂದರು. ಅದರ ಕೆಳಗಿನ ಕೊಕ್ಕೆಯನ್ನು ಮೇಜಿನ ಕಾಲಿಗೆ ಕಟ್ಟಿ, ಮೇಲಿನ ಕೊಕ್ಕೆಗೆ ಒಂದು ಕೋಲು ಸಿಕ್ಕಿಸಿ, ಅವಳಿಗೆ ಮಾಡುವ ಹಾಗೆಯೇ ಮಾಡಿ, ಹೆಚ್ಚೂ ಬೇಡ ಕಮ್ಮಿಯೂ ಬೇಡ ಎಂದರು. ಕಣ್ಣು ಮುಚ್ಚಿದೆ. ಏಣಿಯ ಮುಖ ನೆನೆಸಿಕೊಂಡೆ. ಎರಡು ಬೆರಳು ತಾಗಿಸಿದೆ. ಕಣ್ಣು ಬಿಟ್ಟಾಗ ಮುಳ್ಳು ಎಂಟು ಕಿಲೋದಲ್ಲಿತ್ತು.

ನಿಮ್ಮ ತಕ್ಕಡಿ ಕೆಟ್ಟಿದೆ ಎಂದೆ. ಅವರು ಅದನ್ನು ಬಿಚ್ಚಿ, ಐದು ಲೀಟರಿನ ನೀರಿನ ಡಬ್ಬಿಯನ್ನು ನೇತುಹಾಕಿದರು. ಮುಳ್ಳು ಐದಕ್ಕೆ ಬಂದು ನಿಂತಿತು.

ಮೊಣಕೈ ಭುಜಕ್ಕಿಂತ ಮೇಲೆ, ಕೈ ಮೈಯಿಂದ ದೂರ, ಅದರಲ್ಲಿ ಎಂಟು ಕಿಲೋ, ದಿನವೂ ಅಷ್ಟು ಸಲ. ಒಳಗಿನ ಸ್ನಾಯುವಿನ ಹುರಿ ಹರಿದಿರಬೇಕು, ಸ್ಕ್ಯಾನ್ ಮಾಡಿಸಿ ಎಂದರು. ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಮೂವತ್ತರಲ್ಲಿ ಎಂಟು ಕಳೆದರೆ ಇಪ್ಪತ್ತೆರಡು. ಸಣ್ಣ ಮಕ್ಕಳ ಲೆಕ್ಕ. ಎರಡು ಬಸ್ಸಿನಲ್ಲೂ ಅದನ್ನೇ ಮಾಡಿದೆ, ಬೇರೆ ಉತ್ತರ ಬರಲಿಲ್ಲ.

ಮೇ 4, ಭಾನುವಾರ

ಆ ತಕ್ಕಡಿ ಕೆಟ್ಟಿರಬಹುದು. ನೀರಿನ ಡಬ್ಬಿಯಲ್ಲಿ ನೀರು ಪೂರ್ತಿ ಇತ್ತೋ ಇಲ್ಲವೋ.

ಮೇ 6, ಮಂಗಳವಾರ

ಪರೀಕ್ಷೆಯ ದಿನ ಗೊತ್ತಾಗಿದೆ. ಇಪ್ಪತ್ತನೇ ತಾರೀಖು. ಏಣಿ ಕುಣಿಯುತ್ತ ಬಂದಳು. ಯಜಮಾನ ಅವಳ ಫೋಟೋ ತೆಗೆದು ಬಾಗಿಲಿನ ಪಕ್ಕದ ಗೋಡೆಗೆ ಹಾಕುತ್ತಾನಂತೆ, ಜಾಗ ಅಳೆಯುತ್ತಿದ್ದ.

ಇವತ್ತು ಮುಟ್ಟುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು ಹಿಂದೆ ನಿಂತೆ. ಮೂವತ್ತು. ಮೊದಲನೆಯದೇ ಗದ್ದದಿಂದ ಮೇಲೆ ಬರಲಿಲ್ಲ. ತೋಳು ನಡುಗಿತು, ಕನ್ನಡಿಯಲ್ಲಿ ಅವಳ ಕಣ್ಣು ನನ್ನನ್ನು ಹುಡುಕಿತು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಬಲಗೈ ಮೇಲೇಳಲಾರದೆ ಎಡಗೈಯೇ ಓಡಿತು. ಬಾಯಿಯೂ ಕೇಳಲಿಲ್ಲ, ಎಲ್ಲಾ ನಿಂದೇ ಎಂದಿತು. ಐದೂ ಹೋದವು. ಅವಳು ನನ್ನನ್ನು ತಬ್ಬಿಕೊಂಡಳು. ಭುಜದಲ್ಲಿ ಮಿಂಚು ಹೊಡೆದ ಹಾಗಾಯಿತು, ನಕ್ಕೆ.

ಈಗ ಹೇಳಿದರೆ ಧೈರ್ಯ ಕೆಡುತ್ತದೆ. ಧೈರ್ಯವೂ ಒಂದು ಬಲವೇ. ಅರ್ಧ ಎತ್ತುವುದು ತಲೆ, ಇನ್ನರ್ಧ ತೋಳು ಎಂದು ನಾನೇ ಎಷ್ಟು ಜನಕ್ಕೆ ಹೇಳಿಲ್ಲ? ಪರೀಕ್ಷೆಯ ದಿನ ಹುಮ್ಮಸ್ಸಿನಲ್ಲಿ ಎತ್ತಿಬಿಟ್ಟರೆ? ಎತ್ತಬಹುದು. ಎಂಟು ಕಿಲೋ ಎಂದರೆ ಎಷ್ಟು ಮಹಾ, ಒಂದು ಕಲ್ಲಂಗಡಿ.

ಊಟ ಸೇರಲಿಲ್ಲ.

ಮೇ 8, ಗುರುವಾರ

ಗಂಡನಿಗೆ ಹೇಳಿದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಂದು ಪ್ಯಾಂಟಿನ ಅಂಚು ಮಡಿಸುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನು ಒಂದೂವರೆ ತಿಂಗಳು ಅವಳ ಭಾರ ಎತ್ತಿದ್ದೇನೆ ಎಂದೆ. ನಿನಗೆ ಗೊತ್ತಿರಲಿಲ್ಲವಾ ಎಂದು ಕೇಳಿದ. ಗೊತ್ತಿರಲಿಲ್ಲ ಎಂದೆ. ಅದು ನಿಜ. ಸುಳ್ಳು ಎಂದು ಗೊತ್ತಿತ್ತು, ಅದು ಇಷ್ಟು ತೂಕದ್ದು ಎಂದು ಗೊತ್ತಿರಲಿಲ್ಲ.

ಅವನು ಸೂಜಿಗಳನ್ನು ಒಂದೊಂದಾಗಿ ಉಗುಳಿ ಡಬ್ಬಿಗೆ ಹಾಕಿದ. "ಹೊಲಿಗೆ ಹಾಕದೆ ಪಿನ್ನಲ್ಲೇ ಕಳಿಸಿದೀಯ," ಎಂದ. "ಕನ್ನಡಿ ಮುಂದೆ ಚೆನ್ನಾಗೇ ಕಾಣತ್ತೆ. ಬಿಚ್ಚೋದು ಬೀದಿಯಲ್ಲಿ."

ಸಿಟ್ಟು ಬಂತು. ಹೊಲಿಗೆಯವನಿಗೆ ಎಲ್ಲವೂ ಹೊಲಿಗೆ. ಮನೆಗೆ ಬರುವಾಗ ಅಂಗಿಯ ಮೇಲಿನ ಗುಂಡಿ ಬಿಚ್ಚಿಹೋಗಿತ್ತು, ನನಗೆ ಹಾಕಿಕೊಳ್ಳಲು ಆಗಲಿಲ್ಲ. ಅವನೇ ಹಾಕಿದ.

ಮೇ 9, ಶುಕ್ರವಾರ

ಹೇಳಿದೆ.

ಅವಳು ಬಂದ ಕೂಡಲೇ ಹೇಳಬೇಕು ಎಂದುಕೊಂಡಿದ್ದೆ. ಹೇಳಿದ್ದು ಅವಳು ಬಗ್ಗಿ ಬೂಟಿನ ಲೇಸು ಕಟ್ಟುವಾಗ, ಮುಖ ಕಾಣದ ಹೊತ್ತು ನೋಡಿ. "ಮೂವತ್ತು ನಿಂದಲ್ಲ. ಅದರಲ್ಲಿ ಎಂಟು ನಂದು," ಎಂದೆ. ತಮಾಷೆ ಎಂದುಕೊಂಡಳು. ಫಿಜಿಯೋ ಹತ್ತಿರ ಹೋಗಿದ್ದು, ತಕ್ಕಡಿ, ನೀರಿನ ಡಬ್ಬಿ ಎಲ್ಲ ಹೇಳಿದೆ. ಲೇಸಿನ ಗಂಟು ಹಾಕಿ ಮುಗಿಸಿ, ನಿಧಾನವಾಗಿ ಎದ್ದಳು.

ರಾಡಿನ ಪಂಜರದ ಅಡ್ಡಸರಳುಗಳನ್ನು ತಾನೇ ಭುಜದ ಮಟ್ಟಕ್ಕೆ ಇಳಿಸಿದಳು, ರಾಡು ಬಿದ್ದರೆ ಅವು ಹಿಡಿದುಕೊಳ್ಳುತ್ತವೆ. ಮೂವತ್ತು ಹಾಕಿ, ನನ್ನನ್ನು ದೂರ ನಿಲ್ಲಲು ಹೇಳಿದಳು. ಭುಜದಿಂದ ಏಳಲಿಲ್ಲ. ಇಪ್ಪತ್ತೆಂಟು ಏಳಲಿಲ್ಲ. ಇಪ್ಪತ್ತೈದು ಮೂಗಿನವರೆಗೆ ಬಂದು ವಾಪಸು ಹೋಯಿತು. ಪ್ರತಿ ಸಲವೂ ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದಿಗೆ ಜಿಮ್ಮಿನವರೆಲ್ಲ ತಿರುಗಿ ನೋಡಿದರು. ಇಪ್ಪತ್ತೆರಡು ಹೋಯಿತು, ಕಷ್ಟಪಟ್ಟು, ಮೂರು ಸಲ.

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಏಣಿಯ ಆ ತುದಿ ಹಿಡಿದವನಿಗೆ ನನ್ನ ಕೈ ಕಾಣಲ್ಲ ಅಕ್ಕ. ನಾನು ಹಿಡಿದಿದೀನಿ ಅಂತ ನಂಬಿ ಎತ್ತುತಾನೆ. ಮೂವತ್ತು ನಂದು ಅಂದ್ಕೊಂಡು ಹೋಗಿ ಅರ್ಧದಲ್ಲಿ ಬಿಟ್ಟಿದ್ರೆ, ಅದು ಬೀಳೋದು ಅವನ ತಲೆ ಮೇಲೆ."

ನಿನಗೆ ಖುಷಿಯಾಗುತ್ತಿತ್ತು, ಅದಕ್ಕೆ ಎಂದೆ.

"ನಿಮಗೂ ಆಗ್ತಿತ್ತು," ಎಂದಳು. ಚೀಲ ಎತ್ತಿಕೊಂಡು ಹೋದಳು. ನನಗೆ ನಾಚಿಕೆಯಾಯಿತು. ಬೇರೆ ಪದ ಹುಡುಕಿದೆ, ಅದೇ ಸರಿಯಾದದ್ದು.

ಮೇ 10, ಶನಿವಾರ

ಬರಲಿಲ್ಲ.

ಮೇ 12, ಸೋಮವಾರ

ಬರಲಿಲ್ಲ. ಸ್ಕ್ಯಾನ್ ಮಾಡಿಸಿದೆ, ಹುರಿ ಅರ್ಧ ಹರಿದಿದೆ. ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕತ್ತಿಗೆ ಕಟ್ಟಿದ್ದಾರೆ. ಯಜಮಾನನಿಗೆ ನಾನೇ ಹೋಗಿ ಹೇಳಿದೆ. ಎರಡು ತಿಂಗಳು ಮುಂದಿನ ಮೇಜಿನ ಹತ್ತಿರ ಕೂತು ಬಂದವರನ್ನು ವಿಚಾರಿಸಿಕೋ, ಆಮೇಲೆ ನೋಡೋಣ ಎಂದ. ಆಮೇಲೆ ಏನು ನೋಡುತ್ತಾನೋ. ಹೊರಗೆ ಹೋಗುವಾಗ, ನಿಮ್ಮ ಪುಡಿ ತಿಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದೆ. ಅವನಿಗೆ ಅದು ತಮಾಷೆ ಎಂದು ಗೊತ್ತಾಗಲಿಲ್ಲ.

ಅತ್ತೆ ತಲೆಗೆ ಎಣ್ಣೆ ಹಚ್ಚಿದರು. ಇಷ್ಟು ಗಿಡ್ಡ ಕೂದಲಿಗೆ ಎಷ್ಟು ಎಣ್ಣೆ ಎಂದೆ. ಬಾಯಿ ಮುಚ್ಚು ಎಂದರು.

ಮೇ 14, ಬುಧವಾರ

ಏಣಿ ಬಂದಳು. ಹಳೆಯದನ್ನೇನೂ ಎತ್ತಲಿಲ್ಲ, ನಾನೂ ಕೆದಕಲಿಲ್ಲ. ಇನ್ನು ಆರು ದಿನಕ್ಕೆ ತೋಳು ಬೆಳೆಯುವುದಿಲ್ಲ, ಬೆಳೆಯುತ್ತದೆ ಎಂದು ಹೇಳಲೂ ಇಲ್ಲ. ಆದರೆ ಏಣಿಯನ್ನು ನಿಂತು ಎತ್ತುತ್ತಾರೆ, ಕೂತಲ್ಲ. ಮೊಣಕಾಲು ತುಸು ಬಗ್ಗಿಸಿ ನೆಲವನ್ನು ತಳ್ಳಿದರೆ ಕಾಲಿನ ಬಲವೂ ರಾಡಿಗೆ ಬರುತ್ತದೆ. ಅದನ್ನು ಹೇಳಿಕೊಟ್ಟೆ. ಇಪ್ಪತ್ತೈದು ಹೋಯಿತು. ಇಪ್ಪತ್ತೇಳು ಒಂದು ಸಲ ಹೋಯಿತು. ನಾನು ಮೇಜಿನ ಹಿಂದೆ, ಮೂರು ಗಜ ದೂರದಲ್ಲಿ.

ಮೂವತ್ತಕ್ಕೆ ಇನ್ನೂ ಮೂರು ಬಾಕಿ. ಪ್ಲೇಟುಗಳನ್ನು ಅವಳೇ ಎತ್ತಿಟ್ಟಳು, ನನ್ನ ಕೈಲಾಗುವುದಿಲ್ಲ ಎಂದು ಹೇಳಿದೆ.

ಮೇ 19, ಸೋಮವಾರ

ನಾಳೆ. ಬೇಗ ಮಲಗು, ಪರೀಕ್ಷೆಗೆ ಎರಡು ಗಂಟೆ ಮುಂಚೆ ತಿನ್ನು, ಹೊಟ್ಟೆ ತುಂಬ ಬೇಡ ಎಂದು ಹೇಳಿ ಕಳಿಸಿದೆ. ಎಷ್ಟು ಎತ್ತುತ್ತೀನಿ ಅನ್ನಿಸುತ್ತೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಇಪ್ಪತ್ತು ವರ್ಷದ ಕಸುಬಿನಲ್ಲಿ ಯಾರಿಗೂ ಹಾಗೆ ಹೇಳಿರಲಿಲ್ಲ ಅನ್ನಿಸುತ್ತದೆ.

ಮೇ 20, ಮಂಗಳವಾರ

ಹೊರಗಿನವರನ್ನು ಅಗ್ನಿಶಾಮಕ ಠಾಣೆಯ ಒಳಗೆ ಬಿಡುವುದಿಲ್ಲ. ತಂತಿ ಬೇಲಿಯ ಹೊರಗೆ ನಿಂತೆ. ಸಿಮೆಂಟಿನ ಅಂಗಳ, ಕೆಂಪು ವ್ಯಾನು, ನೆಲದ ಮೇಲೆ ಏಣಿ. ಅವಳಿಗಿಂತ ಮುಂಚೆ ಮೂವರು ಎತ್ತಿದರು.

ಅವಳ ಜೊತೆಗೆ ಏಣಿಯ ಇನ್ನೊಂದು ತುದಿ ಹಿಡಿಯಲು ಬಂದವನು ನರೆತ ಮೀಸೆಯ ಹಿರಿಯ. ಹಿಂದೆ ಅವಳ ತಂಡದಲ್ಲೇ ಇದ್ದವನು, ಅವಳು ಬಿದ್ದಾಗ ಎತ್ತಿಕೊಂಡು ಬಂದವನು ಎಂದು ಅವಳು ಹೇಳಿದ್ದಳು. ಸೀಟಿ ಊದಿದರು. ಏಣಿ ಮಂಡಿಗೆ ಬಂತು, ಎದೆಗೆ ಬಂತು, ಅವಳು ಮೊಣಕಾಲು ಬಗ್ಗಿಸಿದಳು, ಹಣೆ ದಾಟಿತು. ಅಲ್ಲೇ ನಿಲ್ಲುತ್ತದೆ ಎಂದುಕೊಂಡಿದ್ದೆ, ನಿಲ್ಲಲಿಲ್ಲ. ಬೇಲಿಯ ತಂತಿ ಹಿಡಿದು ನಾನು ಏನೋ ಕೂಗಿದೆ. ಕೊಕ್ಕೆಗೆ ಇನ್ನು ಗೇಣು ದೂರ ಇತ್ತು.

ಅವಳು ನಿಂತಳು. ಆ ಕಡೆಯವನಿಗೆ ಏನೋ ಹೇಳಿದಳು. ಇಬ್ಬರೂ ಏಣಿಯನ್ನು ನಿಧಾನವಾಗಿ ನೆಲಕ್ಕೆ ಇಳಿಸಿದರು.

ಅವಳು ಪರೀಕ್ಷೆ ಮಾಡುವ ಅಧಿಕಾರಿಯ ಹತ್ತಿರ ಹೋಗಿ ಮಾತಾಡಿದಳು. ಹಿರಿಯ ತಲೆ ತಗ್ಗಿಸಿ ನಿಂತಿದ್ದ. ಬೇರೊಬ್ಬ ಬಂದ, ಅವಳ ಪರಿಚಯವಿಲ್ಲದ ಹುಡುಗ. ಮತ್ತೆ ಸೀಟಿ. ಈ ಸಲ ಏಣಿ ಹಣೆಯ ಹತ್ತಿರ ನಿಂತಿತು. ಅವಳ ತುದಿ ನಡುಗಿತು, ಒಂದು ಸಲ ತಳ್ಳಿದಳು, ಇನ್ನೊಂದು ಸಲ ತಳ್ಳಿದಳು. ಇಳಿಸಿದರು. ಅಧಿಕಾರಿ ಕಾಗದದ ಮೇಲೆ ಏನೋ ಗೀಚಿದರು.

ಹೊರಗೆ ಬಂದು ಬೇಲಿಯ ಪಕ್ಕದ ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು. ನೀರು ಕುಡಿದಳು.

"ಹಗುರ ಅನ್ನಿಸ್ತು," ಎಂದಳು. "ಅವರು ಕೈಯನ್ನ ಮಧ್ಯಕ್ಕೆ ತಗೊಂಡು ನನ್ನ ಪಾಲನ್ನೂ ಎತ್ತುತಿದ್ರು. ಪಾಪ, ನನಗೋಸ್ಕರಾನೇ. ಮೊದಲಾಗಿದ್ರೆ ಗೊತ್ತಾಗ್ತಿರಲಿಲ್ಲ."

ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದಳು.

"ನೀವು ಹೇಳದೆ ಇದ್ದಿದ್ರೆ ಇವತ್ತು ಪಾಸಾಗ್ತಿದ್ದೆ ಅಕ್ಕ."

ಹೌದು ಎಂದೆ. ಅದು ಬೈಗುಳವೋ ಬೇರೇನೋ ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿದಿತ್ತೋ ಇಲ್ಲವೋ. ಮಧ್ಯಾಹ್ನ ಫೋನಿನ ಕೋಣೆಗೆ ಹೋಗಬೇಕಿತ್ತು, ಎದ್ದು ಹೋದಳು. ಬಸ್ಸಿನಲ್ಲಿ ನಿಂತು ಅತ್ತುಬಿಟ್ಟೆ. ಎದುರಿನವರು ಜೋಳಿಗೆಯ ಕೈ ನೋಡಿ ಅದು ನೋಯುತ್ತಿದೆ ಎಂದುಕೊಂಡು ಸೀಟು ಬಿಟ್ಟುಕೊಟ್ಟರು. ಕೂತುಕೊಂಡೆ.

ಮೇ 27, ಮಂಗಳವಾರ

ಏಣಿಯ ಸುದ್ದಿಯಿಲ್ಲ. ಬೇರೆ ಜಿಮ್ಮು ನೋಡಿಕೊಂಡಿರಬಹುದು. ನೋಡಿಕೊಂಡರೆ ತಪ್ಪಿಲ್ಲ.

ಜೂನ್ 3, ಮಂಗಳವಾರ

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಳು. ಒಂದು ನನಗೂ ಕೊಟ್ಟಳು. ಒಂದೇ ಕೈಯಲ್ಲಿ ಹೇಗೆ ಸುಲಿಯಲಿ ಎಂದೆ, ಅವಳೇ ಸುಲಿದಳು. ಮುಂದಿನ ಪರೀಕ್ಷೆ ಮುಂದಿನ ಮೇ. ಫೋನಿನ ಕೋಣೆ ಹೇಗಿದೆ ಎಂದು ಕೇಳಿದೆ. ಇದೆ ಎಂದಳು.

ನಾನು ಮೇಜು ಬಿಟ್ಟು ಹೋಗಬಾರದು ಎಂದು ಯಜಮಾನನ ಅಪ್ಪಣೆ. ಯಜಮಾನ ಇನ್ನೂ ಬಂದಿರಲಿಲ್ಲ. ಅವಳು ಬೆಂಚಿನ ಮೇಲೆ ಕೂತು, ಹಿಂದೆ ಬನ್ನಿ ಎಂದು ಕರೆದಳು. ಹೋಗಿ ನಿಂತೆ. ಇಪ್ಪತ್ತೆರಡು ಹಾಕಿದ್ದಳು, ಐದು ಸಲದ ಗುರಿ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕುತ್ತಿಗೆಯ ನರ ಉಬ್ಬಿತು, ಆದರೂ ಹೋಯಿತು. ಐದನೆಯದು ಹಣೆಯ ಹತ್ತಿರ ನಿಂತಿತು.

ತೋಳು ನಡುಗಲು ಶುರುವಾಯಿತು. ನನ್ನ ಎಡಗೈ ಆಗಲೇ ರಾಡಿನ ಕೆಳಗಿತ್ತು, ಅಲ್ಲಿಗೆ ಯಾವಾಗ ಹೋಯಿತೋ. ಇನ್ನು ಕೂದಲೆಳೆಯಷ್ಟು ಅಂತರ. ಕನ್ನಡಿಯಲ್ಲಿ ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಆ ಕೈ ನೋಡುತ್ತಿದ್ದಳು. ತೆಗೆದುಕೊಂಡೆ. ಬೆನ್ನ ಹಿಂದೆ ಇಟ್ಟುಕೊಂಡೆ. ಅಲ್ಲಿ ಅದು ಸುಮ್ಮನೆ ಇರಲಿಲ್ಲ, ಅಂಗಿ ಹಿಡಿದುಕೊಂಡಿತು. ನನಗೆ ಅಳು ಬಂತು. ರಾಡು ಅಲ್ಲೇ ನಿಂತು ನಿಂತು, ಬೆರಳಗಲ ಮೇಲೆ ಹೋಗಿ, ಮತ್ತೆ ನಿಂತು, ಕೊನೆಗೆ ಇಳಿಯಿತು. ಅಡ್ಡಸರಳಿಗೆ ಬಡಿದ ಸದ್ದು ಖಾಲಿ ಜಿಮ್ಮಿನಲ್ಲಿ ತುಂಬಾ ಹೊತ್ತು ಇತ್ತು.

ಅವಳು ಮೊಣಕಾಲಿನ ಮೇಲೆ ಕೈಯೂರಿ ಉಸಿರು ತೆಗೆದುಕೊಂಡಳು.

"ಎಷ್ಟು?"

"ನಾಲ್ಕು."

"ನಾಲ್ಕೂವರೆ ಅನ್ನಿ."

"ನಾಲ್ಕು."

ತಿರುಗಿ ನನ್ನ ಮುಖ ನೋಡಿದಳು. ಸರಿ, ನಾಲ್ಕು ಎಂದು ಬೆವರು ಒರೆಸಿಕೊಂಡು, ಮತ್ತೆ ರಾಡಿನ ಕೆಳಗೆ ಕೂತಳು.